ಏನು ಕೊಟ್ಟರಂತೆ?

ನಮ್ಮ ಸೇಡಂ, ಚಿತ್ತಾಪುರದ ಕಡೆ ಯಾರಾದರೂ ಹುಟ್ಟಿ ಬೆಳೆದ ಧರ್ಮ ಬಿಟ್ಟು ಇನ್ನೊಂದಕ್ಕೆ ಹೋದರೆಂಬ ಸುದ್ದಿ ಎದ್ದರೆ, ಅದು ಬಸ್‌ಸ್ಟ್ಯಾಂಡಿನ ಚಾದಂಗಡಿ ಮುಟ್ಟುವಷ್ಟರಲ್ಲಿ ಒಂದು ಪ್ರಶ್ನೆ ಬೆನ್ನಿಗೆ ಬಿದ್ದಿರುತ್ತದೆ: “ಏನ್ ಕೊಟ್ರಂತ?” ಒಬ್ಬರು ಹೊಲಿಗೆ ಮಷೀನು ಅನ್ನುತ್ತಾರೆ. ಇನ್ನೊಬ್ಬರು ರೊಕ್ಕದ ಲೆಕ್ಕವನ್ನೇ ಒಪ್ಪಿಸುತ್ತಾರೆ. ಮತ್ತೊಬ್ಬರು ಮಕ್ಕಳ ಸಾಲಿ ಫೀಜು ಕಟ್ಟಿದರಂತೆ ಅನ್ನುತ್ತಾರೆ. ಕಣ್ಣಾರೆ ಕಂಡವರು ಮಾತ್ರ ಅಲ್ಲಿ ಯಾರೂ ಇರುವುದಿಲ್ಲ. ಚಾ ಮುಗಿಯುತ್ತದೆ, ಮಾತು ತೊಗರಿ ರೇಟಿನ ಕಡೆ ಹೊರಳುತ್ತದೆ, ಹೋದವರ ಬಗ್ಗೆ ತೀರ್ಪು ಆಗಿಹೋಗಿರುತ್ತದೆ.

ಸಣ್ಣಂದಿನಿಂದ ಕೇಳುತ್ತ ಬಂದ ಈ ಪ್ರಶ್ನೆ ನನಗೆ ಇವತ್ತಿಗೂ ಒಗ್ಗಿಲ್ಲ. ಉಳ್ಳವರು ಮಠ ಬದಲಿಸುತ್ತಾರೆ, ಗುರುವನ್ನು ಬದಲಿಸುತ್ತಾರೆ, ಮನೆದೇವರ ಜಾತ್ರೆ ಬಿಟ್ಟು ಎಲ್ಲೋ ದೂರದ ಆಶ್ರಮಕ್ಕೆ ನಡೆದುಕೊಳ್ಳುತ್ತಾರೆ. ಅವರನ್ನು ಯಾರೂ ಹೀಗೆ ಕೇಳುವುದಿಲ್ಲ. ಅವರದು ಮನಸ್ಸಿನ ವಿಚಾರ, ಬಡವರದು ಹೊಟ್ಟೆಯ ವಿಚಾರ ಎಂದು ನಾವು ಮೊದಲೇ ಹಂಚಿಕೊಟ್ಟಾಗಿದೆ. ಬಡವರಿಗೂ ಮನಸ್ಸಿದೆ, ಅದು ನೋಯುತ್ತದೆ, ಆ ನೋವನ್ನು ಮೂರು ತಲೆಮಾರು ನೆನಪಿಡುತ್ತದೆ ಎಂಬುದನ್ನು ಒಪ್ಪಿಕೊಂಡರೆ ಈ ವಿಷಯದ ಅರ್ಧ ಗಂಟು ಬಿಚ್ಚಿದಂತೆ. ಉಳಿದರ್ಧಕ್ಕೆ ಸ್ವಲ್ಪ ಸುತ್ತಾಡಬೇಕು. ಸುತ್ತಾಡಲು ನಮ್ಮ ಸೀಮೆಯಂಥ ಜಾಗ ಇನ್ನೊಂದಿಲ್ಲ. ಯಾಕೆಂದರೆ ಇಲ್ಲಿನ ಮಂದಿ ಸಾವಿರಾರು ವರ್ಷಗಳಿಂದ ಧರ್ಮ ಬಿಡುತ್ತ, ಹಿಡಿಯುತ್ತ, ಮತ್ತೆ ಬಿಡುತ್ತಲೇ ಬಂದಿದ್ದಾರೆ.

ಸೇಡಂನಿಂದ ಕಲಬುರಗಿ ದಾರಿ ಹಿಡಿದರೆ ಕಾಗಿಣಾ ನದಿಯ ದಂಡೆಗೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಇವತ್ತು ಅಲ್ಲಿ ಕುಸಿದ ಕೋಟೆಗೋಡೆಯಿದೆ, ಜೈನ ಬಸದಿಯಿದೆ, ಉತ್ತರಾದಿ ಮಠವಿದೆ, ದರ್ಗಾ ಇದೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ, ಜಿನಸೇನಾಚಾರ್ಯರನ್ನು ಗುರುವೆಂದು ಕಂಡ. ಅವನ ನಂತರ, ಮೂರನೆಯ ಕೃಷ್ಣನ ಕಾಲದಲ್ಲಿ, ಪುಷ್ಪದಂತನೆಂಬ ಕವಿ ಈ ಊರಿಗೆ ಬಂದ. ಹುಟ್ಟಿದ್ದು ಶೈವ ಬ್ರಾಹ್ಮಣರ ಮನೆಯಲ್ಲಿ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಆಮೇಲೆ ಜೈನನಾದ. ಅಪಭ್ರಂಶದಲ್ಲಿ ಅವನು ಬರೆದ ‘ಮಹಾಪುರಾಣ’ ಮುಗಿದದ್ದು 965ರಲ್ಲಿ, ಇದೇ ಊರಿನಲ್ಲಿ.

ಆ ಕಾವ್ಯದ ಮೊದಲಿಗೆ ಅವನು ತನ್ನ ಕಥೆಯನ್ನೂ ಹೇಳಿಕೊಂಡಿದ್ದಾನೆ. ಎಲ್ಲೋ ಒಬ್ಬ ಅರಸನ ಆಸ್ಥಾನದಲ್ಲಿ ಅವಮಾನ ಉಂಡು, ನಡೆದು ನಡೆದು ದಣಿದು, ಊರ ಹೊರಗಿನ ತೋಪಿನಲ್ಲಿ ಕುಳಿತಿದ್ದನಂತೆ. ಊರೊಳಗೆ ಬಾ ಎಂದವರಿಗೆ, ಅರಸರ ಸಿಡುಕು ಮೋರೆ ನೋಡುವುದಕ್ಕಿಂತ ಗುಡ್ಡದ ಗವಿಯಲ್ಲಿ ಸತ್ತರೂ ವಾಸಿ ಎಂದನಂತೆ. ಕಡೆಗೆ ಭರತನೆಂಬ ಮಂತ್ರಿ ಕರೆದೊಯ್ದು ಮನೆಯಲ್ಲಿಟ್ಟುಕೊಂಡ, ಕಾವ್ಯ ಬರೆಸಿದ. ಪುಷ್ಪದಂತ ಯಾಕೆ ಜೈನನಾದ ಎಂಬುದನ್ನು ಈ ಒಂದು ಪ್ರಸಂಗದಿಂದ ತೀರ್ಮಾನಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಷ್ಟು ದೊಡ್ಡ ಪುರಾಣ ಬರೆಯಲು ಕುಳಿತವನ ಮನಸ್ಸಿನಲ್ಲಿ ಮೊದಲು ಎದ್ದದ್ದು ಒಂದು ಅವಮಾನ ಮತ್ತು ಒಂದು ಆದರ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನಾನು ಹೇಳುವ ಕಥೆಗಳಲ್ಲೆಲ್ಲ ಈ ಎರಡೇ ಮತ್ತೆ ಮತ್ತೆ ಬರುತ್ತವೆ.

ವಿಚಾರ ಮಾಡಿ ಬದಲಾದವರೂ ಇದ್ದರು. ಪಂಪನ ತಂದೆ ಬ್ರಾಹ್ಮಣ ಕುಲದಲ್ಲಿ ಹುಟ್ಟಿ, ಬ್ರಾಹ್ಮಣನಿಗೆ ಒಪ್ಪುವ ಧರ್ಮ ಜಿನಧರ್ಮವೇ ಎಂದು ನಿರ್ಧರಿಸಿ ಅದನ್ನು ಹಿಡಿದ. ಇದನ್ನು ಪಂಪ ಹೆಮ್ಮೆಯಿಂದಲೇ ಹೇಳುತ್ತಾನೆ. ಸೇಡಂನಲ್ಲಂತೂ ಇನ್ನೊಂದು ಬಗೆ. 12ನೆಯ ಶತಮಾನದ ಅಲ್ಲಿನ ಶಾಸನದಲ್ಲಿ ವೇದ ಬಲ್ಲ ಮುನ್ನೂರು ಮಹಾಜನರು ಶಾಂತಿನಾಥನಿಗೆ ಬಸದಿ ಕಟ್ಟಿಸಿದ ಸಂಗತಿ ಇದೆ. ತಮ್ಮದನ್ನು ಬಿಡದೆ ಇನ್ನೊಬ್ಬರದಕ್ಕೆ ಕಲ್ಲು ಹೊರಿಸುವಷ್ಟು ದೊಡ್ಡ ಮನಸ್ಸು ಆ ಸಣ್ಣ ಊರಿಗಿತ್ತು.

ಆಮೇಲೆ ಕಲ್ಯಾಣ. ಬಸವಕಲ್ಯಾಣ ನಮಗೆ ದೂರವೇನಲ್ಲ. ದೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ ಇವರೆಲ್ಲ ಬಸವಣ್ಣನ ಹತ್ತಿರ ಯಾಕೆ ಬಂದರು? ಅಂಗೈ ಮೇಲಿನ ಲಿಂಗಕ್ಕೆ ಪೂಜಾರಿ ಬೇಕಿಲ್ಲ, ಗುಡಿಯ ಬಾಗಿಲು ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಸಾಲಾಗಿ ಕುಳಿತು ಮಾತಾಡುವಾಗ ತನ್ನ ಮಾತನ್ನೂ ಎದುರಿನವರು ಕಿವಿಗೊಟ್ಟು ಕೇಳುತ್ತಾರೆ. ಇಷ್ಟು ಸಿಕ್ಕರೆ ಮನುಷ್ಯ ಊರು ಬಿಟ್ಟು ಬರುತ್ತಾನೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಬಿಜ್ಜಳನ ರಾಜ್ಯ ಅದನ್ನು ತಾಳಿಕೊಳ್ಳಲಿಲ್ಲ. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಅವರಿಗೆ ಏನು ಕೊಟ್ಟರು ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಜಾತಿ ಬೇಡವೆಂದು ಹುಟ್ಟಿದ ಧರ್ಮದಲ್ಲಿ ಒಳಪಂಗಡಗಳು ಎಷ್ಟಾದವು, ಒಬ್ಬರ ಹೆಣ್ಣನ್ನು ಇನ್ನೊಬ್ಬರು ತರುವಾಗ ಎಷ್ಟು ವಿಚಾರಣೆ ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಇಗರ್ಜಿಗೆ ಹೋದವರಲ್ಲೂ ಹಳೆಯ ಕೇರಿಯ ಗುರುತು ಅಷ್ಟು ಬೇಗ ಅಳಿಯಲಿಲ್ಲ. ನಮ್ಮಲ್ಲಿ ಶೇಖ್, ಸಯ್ಯದ್ ಎನ್ನುವವರು ಪಿಂಜಾರರ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವುದೂ ಇದೆ. ಮರ್ಯಾದೆ ಹುಡುಕಿ ಹೊರಟವನಿಗೆ ಹೋದಲ್ಲಿಯೂ ಅದು ಪೂರ್ತಿ ಸಿಗದಿದ್ದರೆ ಅವನ ಮೊಮ್ಮಗ ಮತ್ತೊಮ್ಮೆ ಹೊರಡುತ್ತಾನೆ. ನಮ್ಮ ಚರಿತ್ರೆ ಮುಕ್ಕಾಲು ಪಾಲು ಇಂಥ ಮೊಮ್ಮಕ್ಕಳದೇ.

ಧರ್ಮ ಬದಲಾಗುವುದೆಂದರೆ ವಾದ ಮಾಡಿ ಗೆಲ್ಲುವುದು, ಪವಾಡ ತೋರಿಸುವುದು ಎಂಬ ತಿಳಿವಳಿಕೆ ಬಹಳ ಮಂದಿಗಿದೆ. ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯ ಅಬ್ಬಲೂರಿನಲ್ಲಿ ಜೈನರೊಡನೆ ಪಣ ಕಟ್ಟಿ, ತಲೆ ಕಡಿದುಕೊಂಡು ಮತ್ತೆ ಪಡೆದನೆಂಬ ಕಥೆ ಅಲ್ಲಿನ ಶಾಸನದಲ್ಲೇ ಇದೆ. ಕೇಳಲು ರೋಮಾಂಚನ. ಆದರೆ ಜನ ಬದಲಾದದ್ದು ಹೆಚ್ಚಾಗಿ ಬೀಸುವ ಕಲ್ಲಿನ ಮುಂದೆ ಎಂದು ನನ್ನ ನಂಬಿಕೆ. ಸೂಫಿ ಸಂತ ಬಂದೇನವಾಜರು ಇಳಿವಯಸ್ಸಿನಲ್ಲಿ ದಿಲ್ಲಿಯಿಂದ ಬಂದು ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡರು. ಅವರ ನಂತರದ ಕಾಲದಲ್ಲಿ ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ‘ಚಕ್ಕೀನಾಮಾ’ ಎಂಬ ಹಾಡುಗಳು ಹುಟ್ಟಿದವು. ಹೆಣ್ಣುಮಕ್ಕಳು ದಖನಿಯಲ್ಲಿ ಹಾಡಿಕೊಂಡು ಹಿಟ್ಟು ಬೀಸಲೆಂದು ಕಟ್ಟಿದ ಪದಗಳು ಅವು. ಕಲ್ಲಿನ ಹಿಡಿಗೂಟ, ತಿರುಗುವ ಕಲ್ಲು, ಉದುರುವ ಹಿಟ್ಟು ಎಲ್ಲವೂ ದೇವರ ಕಡೆ ಬೆರಳು ತೋರುತ್ತವೆ. ನೂಲುವ ರಾಟಿಗೂ ಅಂಥವೇ ಪದಗಳಿದ್ದವು. ಈ ಬಗ್ಗೆ ರಿಚರ್ಡ್ ಈಟನ್ ಎಂಬ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ನಸುಕಿನಲ್ಲಿ ಎದ್ದು ಜೋಳ ಬೀಸುವ ಹೆಣ್ಣುಮಗಳಿಗೆ ಯಾರೂ ಧರ್ಮದ ಉಪದೇಶ ಮಾಡಬೇಕಿರಲಿಲ್ಲ. ಅವಳ ತೋಳಿನ ನೋವಿಗೆ ಒಂದು ಪದ ಜೊತೆಯಾಯಿತು, ಆ ಪದದೊಳಗೆ ಒಂದು ಹೊಸ ಹೆಸರಿತ್ತು. ಅವಳ ಮಗ, ಮೊಮ್ಮಗನ ಕಾಲಕ್ಕೆ ಆ ಹೆಸರು ಮನೆಯದೇ ಆಯಿತು.

ಹೆಸರು ಬದಲಿಸದೆ ದಾಟಿದವರೂ ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪ ಬ್ರಾಹ್ಮಣರು, ಚನ್ನೂರ ಜಲಾಲಸಾಹೇಬರು ಮುಸಲ್ಮಾನರು. ಯಾರೂ ಯಾವುದನ್ನೂ ಬಿಟ್ಟೆನೆಂದು ಡಂಗುರ ಹೊಡೆಯಲಿಲ್ಲ. ಗುರುವಿನ ಮುಂದೆ ಕುಳಿತು ತತ್ವಪದ ಹಾಡಿದರು, ಅಷ್ಟೇ. ಸೇಡಂ ತಾಲ್ಲೂಕಿನ ಯಾನಾಗುಂದಿಯ ಬೆಟ್ಟದ ಮಾತಾ ಮಾಣಿಕೇಶ್ವರಿ 2020ರಲ್ಲಿ ದೇಹ ಬಿಟ್ಟರು. ಅವರ ಮಾತಿಗೆ ಹೆಂಡ ಬಿಟ್ಟವರು, ಪ್ರಾಣಿಬಲಿ ಬಿಟ್ಟವರು, ಬಾಡಿನೂಟ ಬಿಟ್ಟವರು ಗಡಿಯ ಆಚೆ ತೆಲಂಗಾಣದಲ್ಲೂ ಈಚೆ ನಮ್ಮಲ್ಲೂ ಇದ್ದಾರೆ. ಎಷ್ಟೋ ಮತಾಂತರಗಳಿಗಿಂತ ಇದು ದೊಡ್ಡ ಬದಲಾವಣೆ. ಉಣ್ಣುವ ತಾಟು ಬದಲಾಯಿತು, ಹಬ್ಬದ ರೀತಿ ಬದಲಾಯಿತು. ಅದನ್ನು ಯಾರೂ ಮತಾಂತರ ಅನ್ನಲಿಲ್ಲ, ಗದ್ದಲವೂ ಆಗಲಿಲ್ಲ.

ಗದ್ದಲ ಏಳುವುದು ತಲೆಯೆಣಿಕೆ ಶುರುವಾದಾಗ. ನಿಜಾಮರ ಕಾಲದ ಕೊನೆಯ ದಶಕಗಳನ್ನು ನೋಡಿ. ಒಂದು ಕಡೆ ಇಸ್ಲಾಮಿಗೆ ಕರೆಯುವ ಬಹಾದೂರ್ ಯಾರ್ ಜಂಗರ ತಬ್ಲೀಗ್, ಇನ್ನೊಂದು ಕಡೆ ಹಿಂದೂ ಧರ್ಮಕ್ಕೆ ಕರೆಯುವ ಆರ್ಯ ಸಮಾಜದ ಶುದ್ಧಿ. ಇಬ್ಬರ ಕಣ್ಣೂ ಊರ ಹೊರಗಿನ ಕೇರಿಗಳ ಮೇಲೆ. ಎಷ್ಟು ತಲೆ ನಮ್ಮವು ಎಂಬ ಲೆಕ್ಕ ರಾಜಕೀಯಕ್ಕೆ ಬೇಕಿತ್ತು. ಆ ತಲೆಗಳಿಗೆ ಊರ ಬಾವಿಯ ನೀರು ಸಿಕ್ಕಿತೇ ಎಂಬ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಇಟ್ಟವರು ಕಡಿಮೆ. ಅದೇ ಕಾಲದಲ್ಲಿ ಗುರುಮಠಕಲ್ ಸೀಮೆಯಲ್ಲಿ ಹುಟ್ಟಿದ ಸಿದ್ದೀಕ್ ಹುಸೇನ್ ಎಂಬವರು ತಾವೇ ಚನ್ನಬಸವೇಶ್ವರನ ಅವತಾರವೆಂದು ಸಾರಿ, 1924ರಲ್ಲಿ ಗದಗಿನಲ್ಲಿ ದೀನದಾರ್ ಅಂಜುಮನ್ ಕಟ್ಟಿದರು. ಲಿಂಗಾಯತರನ್ನು ಇಸ್ಲಾಮಿಗೆ ತರುವುದು ಅವರ ಉದ್ದೇಶ. ವೇಷ, ವಚನ, ಕಾಲಜ್ಞಾನ ಎಲ್ಲವನ್ನೂ ಬಳಸಿದರು. ಜನ ಕೇಳಿದರು, ಎದ್ದು ಮನೆಗೆ ಹೋದರು. ನಂಬಿಕೆ ಅಂಥ ಜಾಣತನಕ್ಕೆ ಬಗ್ಗುವುದಿಲ್ಲ. 2000ದ ಜೂನ್‌ನಲ್ಲಿ ನಮ್ಮ ವಾಡಿಯ ಇಗರ್ಜಿಯಲ್ಲಿ ಬಾಂಬು ಸಿಡಿದಾಗ ತನಿಖೆ ಹೋಗಿ ನಿಂತದ್ದು ಇದೇ ಸಂಘಟನೆಯವರ ಬಳಿ. ಕಲ್ಲಿನ ಖಣಿ, ಸಿಮೆಂಟಿನ ಧೂಳಿನ ನಡುವೆ ಎಲ್ಲರೂ ಒಟ್ಟಿಗೆ ದುಡಿಯುವ ಆ ಊರು ಅವತ್ತು ಬೆಚ್ಚಿಬಿತ್ತು. ಒಬ್ಬರ ಮನಸ್ಸು ಗೆಲ್ಲಲಾಗದವರು ಇನ್ನೊಬ್ಬರ ಪ್ರಾರ್ಥನೆಯ ಮನೆಗೆ ಕೈ ಹಾಕುವುದಕ್ಕಿಂತ ದೊಡ್ಡ ಅಧರ್ಮವಿಲ್ಲ.

ವಾಡಿ ಎಂದ ಕೂಡಲೇ ಅಂಬೇಡ್ಕರರ ನೆನಪು. 1945ರಲ್ಲಿ ಅವರು ವಾಡಿ ಜಂಕ್ಷನ್ನಿಗೆ ಬಂದಿದ್ದರೆಂದು ಅಲ್ಲಿನ ಜನ ಇಂದಿಗೂ ಆ ದಿನವನ್ನು ಆಚರಿಸುತ್ತಾರೆ. ಅಷ್ಟು ಹೊತ್ತಿಗೆ ಯೇವಲಾದ ಮಾತು ಆಡಿ ಸುಮಾರು ಹತ್ತು ವರ್ಷ ಆಗಿತ್ತು. ಹಿಂದೂವಾಗಿ ಹುಟ್ಟಿದ್ದು ತನ್ನ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು 1935ರ ಅಕ್ಟೋಬರಿನಲ್ಲಿ ಹೇಳಿದ್ದರು. ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷ. ಓದಿದರು, ತೂಗಿದರು, ಎಲ್ಲ ಕಡೆಯವರೂ ಬಂದು ಕರೆದಾಗ ತಾಳ್ಮೆಯಿಂದ ಕೇಳಿದರು. ಇಷ್ಟು ಹೊಣೆ ಹೊತ್ತು ಧರ್ಮ ಬದಲಿಸಿದ ಇನ್ನೊಬ್ಬರನ್ನು ನಾನು ಚರಿತ್ರೆಯಲ್ಲಿ ಕಂಡಿಲ್ಲ.

ಶಹಾಬಾದಿನಲ್ಲಿ ನನಗೆ ಬಹಳ ಬೇಕಾದ ಒಂದು ಮನೆಯಿದೆ. ಯಜಮಾನರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನೆಲಕ್ಕೆ ಊರಿನದೇ ಹಾಸುಗಲ್ಲು, ಗೋಡೆಗೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ, ಬುದ್ಧಪೂರ್ಣಿಮೆಗೆ ಬಿಳಿ ಬಟ್ಟೆ. ಕಲಬುರಗಿಯ ಬುದ್ಧವಿಹಾರ 2009ರಲ್ಲಿ ಉದ್ಘಾಟನೆಯಾದಾಗ ಮನೆಮಂದಿಯೆಲ್ಲ ಹೋಗಿಬಂದಿದ್ದರು. ಒಂದು ಸಲ ಒಳಮನೆಯ ಅಟ್ಟದ ಮೇಲಿಂದ ಏನೋ ಇಳಿಸುವಾಗ ಹಳೆಯ ಸೀರೆಯಲ್ಲಿ ಸುತ್ತಿದ ಬಿದಿರಿನ ಬುಟ್ಟಿಯೊಂದು ಕಣ್ಣಿಗೆ ಬಿತ್ತು. ಎಲ್ಲಮ್ಮನ ಪಡಲಿಗೆ. ಭಂಡಾರದ ಹಳದಿ ಇನ್ನೂ ಹೆಣಿಗೆಯ ಸಂದಿನಲ್ಲಿ ಕೂತಿತ್ತು. ಚಿತ್ತಾಪುರದ ನಾಗಾವಿ ಎಲ್ಲಮ್ಮನಿಗೆ ನಡೆದುಕೊಳ್ಳುತ್ತಿದ್ದ ಮನೆ ಅದು. ತೊಂಬತ್ತರ ಹತ್ತಿರದ ಮುದುಕಿ ಬಾಗಿಲಲ್ಲೇ ಕುಳಿತಿದ್ದಳು.

“ಆಯಿ, ಇದನ್ನ ಇನ್ನೂ ಯಾಕ ಇಟ್ಟೀರಿ?” ಎಂದೆ.

“ಮಗಾ ದೇವ್ರ ಬಿಟ್ಟಾನ. ನಾ ಬುಟ್ಟಿ ಹೆಂಗ ಬಿಡ್ಲೆಪ್ಪಾ? ನಮ್ಮವ್ವ ತಲಿ ಮ್ಯಾಲ ಹೊತ್ತದ್ದು.”

ಮಗ ಸಿಟ್ಟಾಗಲಿಲ್ಲ. ಬುಟ್ಟಿಯನ್ನು ಮತ್ತೆ ಸೀರೆಯಲ್ಲಿ ಸುತ್ತಿ ಮೇಲಿಟ್ಟ. ಆಮೇಲೆ ಹೊರಗೆ ಬಂದು ಕುಳಿತಾಗ ತಾನಾಗಿಯೇ ಹೇಳಿದ: “ನಮ್ಮ ಮುತ್ಯಾ ಊರಾಗಿನ ಸತ್ತ ದನ ಎಳೀತಿದ್ರಿ ಸರ. ಅಂವ ಸತ್ತಾಗ ಹೆಣ ಒಯ್ಯಾಕ ಊರ ನಡುವಿನ ದಾರಿ ಕೊಡ್ಲಿಲ್ರಿ. ಮಳಿಗಾಲ. ಹಳ್ಳದಾಗ ಮೊಣಕಾಲುದ್ದ ನೀರಾಗ ಹೊತ್ಕೊಂಡು ಸುತ್ತು ಹಾಕಿ ಹೋದ್ರು. ನಮ್ಮಪ್ಪಗ ಆಗ ಹನ್ನೆರಡು ವರ್ಷ. ಸಾಯೂತನಕ ಅದೊಂದ ಮಾತ ಹೇಳ್ತಿದ್ದ.”

ಆ ಮನೆಯ ಧರ್ಮ ಬದಲಾದದ್ದು ಆ ಹಳ್ಳದ ನೀರಿನಲ್ಲಿ. ದೀಕ್ಷೆ, ಪ್ರತಿಜ್ಞೆ, ಬಿಳಿ ಬಟ್ಟೆ ಎಲ್ಲ ಆಮೇಲೆ ಬಂದವು. ಹಾಗಿದ್ದೂ ಮುದುಕಿ ಬುಟ್ಟಿ ಬಿಡಲಿಲ್ಲ ಎಂಬುದನ್ನು ಕೆಲವರು ದೊಡ್ಡ ವಿರೋಧಾಭಾಸವೆಂದು ಎತ್ತಿ ತೋರಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಹೊಲಿಯುವ ಕೌದಿಯಲ್ಲಿ ಅವ್ವನ ಸೀರೆ, ಅಜ್ಜಿಯ ಕುಪ್ಪಸದ ತುಣುಕು ಸೇರಿರುವಂತೆ ಹೊಸ ನಂಬಿಕೆಯಲ್ಲೂ ಹಳೆಯದರ ತುಣುಕು ಇರುತ್ತದೆ. ಹೊದ್ದುಕೊಂಡವರಿಗೆ ಬೆಚ್ಚಗಿದ್ದರೆ ಸಾಕು.

ಈಗ ಕೊಟ್ಟದ್ದರ ಲೆಕ್ಕವನ್ನೇ ಹಿಡಿಯೋಣ. ಪರಿಶಿಷ್ಟ ಜಾತಿಯವರು ಹಿಂದೂ ಧರ್ಮ ಬಿಟ್ಟರೆ ಆ ಪಟ್ಟಿಯ ಸವಲತ್ತು ಸಲ್ಲದೆಂದು 1950ರ ರಾಷ್ಟ್ರಪತಿ ಆದೇಶ ಹೇಳಿತು. 1956ರಲ್ಲಿ ಸಿಖ್ಖರಿಗೆ ವಿನಾಯಿತಿ ಸಿಕ್ಕಿತು. ಬೌದ್ಧರಿಗೆ ಸಿಕ್ಕಿದ್ದು 1990ರಲ್ಲಿ. ಅಂದರೆ ಬಾಬಾಸಾಹೇಬರ ಹಿಂದೆ ಹೋದವರು ಮೂವತ್ತನಾಲ್ಕು ವರ್ಷ ನೌಕರಿ, ಸ್ಕಾಲರ್‌ಶಿಪ್ಪು, ಹಾಸ್ಟೆಲಿನ ಹಕ್ಕನ್ನು ಪಣಕ್ಕಿಟ್ಟು ಹೋಗಿದ್ದರು. ಕ್ರೈಸ್ತರಾದವರಿಗೂ ಮುಸಲ್ಮಾನರಾದವರಿಗೂ ಆ ಬಾಗಿಲು ಇನ್ನೂ ತೆರೆದಿಲ್ಲ. ನಮ್ಮ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ತಾಂಡಾದ ಹುಡುಗ ಇಗರ್ಜಿಗೆ ಸೇರಿದೆನೆಂದು ಕಾಗದದ ಮೇಲೆ ಬರೆದುಕೊಟ್ಟರೆ ಜಾತಿ ಪ್ರಮಾಣಪತ್ರ ಕೈಬಿಡುತ್ತದೆ. ಹೀಗಾಗಿ ಎಷ್ಟೋ ಮಂದಿಗೆ ಎರಡು ಬದುಕು. ಪ್ರಾರ್ಥನೆಯ ಮನೆಯಲ್ಲೊಂದು ಹೆಸರು, ರೇಷನ್ ಕಾರ್ಡಿನಲ್ಲೊಂದು. ಇದನ್ನು ಕಳ್ಳತನ ಎನ್ನುವವರಿದ್ದಾರೆ. ನಂಬಿಕೆಗೂ ಹೊಟ್ಟೆಗೂ ನಡುವೆ ಒಂದನ್ನು ಆರಿಸಿಕೋ ಎಂದು ಬಡವನ ಕುತ್ತಿಗೆಯ ಮೇಲೆ ಕೂತ ಕಾನೂನಿನ ಬಗ್ಗೆ ಅವರು ಮಾತಾಡುವುದಿಲ್ಲ.

ಜನಗಣತಿಯ ಅಂಕಿಯನ್ನೂ ಇದರ ಜೊತೆಗಿಟ್ಟು ನೋಡಬೇಕು. 2001ರಲ್ಲಿ ಕರ್ನಾಟಕದಲ್ಲಿ ಸುಮಾರು 3.93 ಲಕ್ಷ ಬೌದ್ಧರಿದ್ದರು. 2011ರಲ್ಲಿ ಆ ಸಂಖ್ಯೆ 95 ಸಾವಿರದ ಆಸುಪಾಸಿಗೆ ಇಳಿಯಿತು. ಹತ್ತು ವರ್ಷದಲ್ಲಿ ಮೂರು ಲಕ್ಷ ಮಂದಿ ಮನಸ್ಸು ಬದಲಿಸಿದರೆಂದು ಯಾರು ನಂಬುತ್ತಾರೆ? ವಿಹಾರಗಳಂತೂ ಕಡಿಮೆಯಾಗಿಲ್ಲ, ಬುದ್ಧಪೂರ್ಣಿಮೆಯ ಮೆರವಣಿಗೆ ಸಣ್ಣದಾಗಿಲ್ಲ. ಮನೆ ಮನೆಗೆ ಬರುವ ಗಣತಿದಾರರ ಮುಂದೆ ಮನೆಯವರು ಏನು ಹೇಳುತ್ತಾರೆ, ಜಾತಿ ಕೇಳಿದ ಗಣತಿದಾರರು ಧರ್ಮದ ಕಾಲಮ್ಮನ್ನು ಕೇಳದೆಯೇ ತುಂಬಿಬಿಡುತ್ತಾರೆಯೇ, ಇದ್ದದ್ದನ್ನು ಹೇಳಿದರೆ ಮಗನ ನೌಕರಿಗೆ ತೊಂದರೆಯಾದೀತೆಂಬ ಅಳುಕು ಎಷ್ಟಿರುತ್ತದೆ, ಇವೆಲ್ಲ ಆ ಅಂಕಿಯೊಳಗೆ ಅಡಗಿವೆ. ಅಂಕಿ ತೋರಿಸಿ ಧರ್ಮ ಬೆಳೆಯಿತು, ಧರ್ಮ ಅಳಿಯಿತು ಎಂದು ಕೂಗುವವರು ಈ ಒಂದು ಇಳಿತವನ್ನು ನೆನಪಿಟ್ಟುಕೊಳ್ಳಲಿ.

2022ರಲ್ಲಿ ಬಂದ ರಾಜ್ಯದ ಕಾಯ್ದೆ, ಧರ್ಮ ಬದಲಿಸುವವರು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾಧಿಕಾರಿಗೆ ಬರೆದುಕೊಡಬೇಕೆಂದಿತು. ಮರುವರ್ಷ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಬಲವಂತ, ಮೋಸ ತಡೆಯಬೇಕು, ಎರಡು ಮಾತಿಲ್ಲ. ಆದರೆ ಹೆದರಿಸಿದವನನ್ನು ಹಿಡಿಯುವ ಬದಲು ಬದಲಾಗುವವನ ಹೆಸರನ್ನು ಊರಿಗೆಲ್ಲ ತಿಳಿಯುವಂತೆ ನೋಟಿಸಿನಲ್ಲಿ ಹಾಕುವುದು ತಪ್ಪು. ತಾಲ್ಲೂಕು ಕಚೇರಿಯ ಗೋಡೆಗೆ ಹೆಸರು ಅಂಟಿದ ದಿನವೇ ಅವನ ಹೊಲದ ದಾರಿಗೆ ಬೇಲಿ ಬೀಳುತ್ತದೆ. ಹಳ್ಳಿಯಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿಂಚೋಳಿಯ ಕಾಡಂಚಿನ ತಾಂಡಾಗಳಲ್ಲಿ ಬೇಸಿಗೆಗೆ ಮನೆಗಳು ಖಾಲಿ. ದುಡಿಯುವ ಕೈಗಳೆಲ್ಲ ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ. ಅಂಥ ಒಂದು ತಾಂಡಾದಲ್ಲಿ ಭಾನುವಾರದ ಪ್ರಾರ್ಥನೆಗೆ ಹೋಗುವ ಹೆಣ್ಣುಮಗಳೊಬ್ಬಳ ಜೊತೆ ಮಾತಾಡುತ್ತ ಕುಳಿತಿದ್ದೆ. ಗಂಡ ಪುಣೆಯಲ್ಲಿ ದುಡಿದದ್ದನ್ನು ಕುಡಿದೇ ಮುಗಿಸುತ್ತಿದ್ದವನು. ಮಗುವಿಗೆ ಜ್ವರ ಏರಿದ ರಾತ್ರಿ ಅವನು ಊರಲ್ಲಿರಲಿಲ್ಲ. ಪಕ್ಕದ ತಾಂಡಾದ ಪ್ರಾರ್ಥನೆಯವರು ಬಂದು ಕುಳಿತರು, ಬೆಳಿಗ್ಗೆ ಜೀಪು ಮಾಡಿ ಚಿಂಚೋಳಿ ದವಾಖಾನೆಗೆ ಒಯ್ದರು.

“ಜ್ವರ ಡಾಕ್ಟರ್ ಗುಳಿಗಿಗೇ ಹೋತ್ರಿ ಅಣ್ಣಾ, ಅದು ನನಗೂ ಗೊತ್ತದ. ಖರೆ, ಯಾರೂ ಬರಲಾರದ ಹೊತ್ತಿನಾಗ ಬಂದು ಕುಂತವ್ರು ಅವ್ರೇ.”

ಈಗ ಗಂಡನೂ ಕುಡಿತ ಬಿಟ್ಟಿದ್ದಾನೆ. ಅವಳು ಕೊಟ್ಟ ಬೆಲೆ ಸಣ್ಣದಲ್ಲ. ತವರಿನವರು ಮಾತು ಬಿಟ್ಟಿದ್ದಾರೆ. ಹೋಳಿಗೆ ಲೆಂಗಿ ಹಾಡುವ ಗುಂಪಿನಲ್ಲಿ ಮೊದಲ ದನಿ ಅವಳದಾಗಿತ್ತು, ಈಗ ಕರೆಯುವುದಿಲ್ಲ. ದೀಪಾವಳಿಯ ಮೇರಾ ದಿನ ಮನೆ ಮನೆಗೆ ದೀಪ ಹಿಡಿದು ಬರುವ ಹುಡುಗಿಯರು ಅವಳ ಬಾಗಿಲನ್ನು ದಾಟಿ ಹೋಗುತ್ತಾರೆ. ಇದನ್ನು ಹೇಳುವಾಗ ಅವಳ ದನಿ ಒಡೆಯಿತು. ಹಳೆಯದೆಲ್ಲ ಸೈತಾನನದು, ಹಾಡು ಕೂಡ ಬಿಡು ಎಂದು ಹೇಳುವ ಬೋಧಕರ ಮೇಲೆ ನನಗೆ ಸಿಟ್ಟಿದೆ. ಲಂಬಾಣಿಗರ ಸಂತ ಸೇವಾಲಾಲರ ಹೆಸರು ಹಿಡಿದು ಬೆಳೆದ ನಾಲಗೆಯಿಂದ ಅದನ್ನು ಕಿತ್ತು ತೆಗೆಯುವುದು ಯಾವ ದೇವರಿಗೂ ಬೇಕಾಗಿರಲಾರದು. ಔಷಧ ಬಿಟ್ಟು ಪ್ರಾರ್ಥನೆ ಮಾಡು ಎನ್ನುವವರು ಇನ್ನೂ ಅಪಾಯಕಾರಿ. ಅವರನ್ನು ನಂಬಿ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಕಾಲು ಕಳೆದುಕೊಳ್ಳುವವರಿದ್ದಾರೆ. ಹೋಗಿ, ಮನಸ್ಸಿಗೆ ಹಿಡಿಸದೆ ಮರಳಿ ಬರುವವರೂ ಇದ್ದಾರೆ. ಅವರಿಗೂ ಗೌರವದ ದಾರಿ ಇರಬೇಕು.

ಏನನ್ನೂ ಹಿಡಿಯದೆ ಸುಮ್ಮನೆ ಬಿಟ್ಟವರ ಮಾತು ಬೇರೆ. ವಾಡಿ, ಶಹಾಬಾದಿನ ಕಾರ್ಮಿಕ ಸಂಘಗಳಲ್ಲಿ ಬೆಳೆದ ಕೆಲವರು ಗುಡಿಗೂ ಹೋಗುವುದಿಲ್ಲ, ಮಸೀದಿಗೂ ಹೋಗುವುದಿಲ್ಲ. ಒಬ್ಬರ ಮನೆಯ ಸಾವಿಗೆ ಮಾತ್ರ ಎಲ್ಲರೂ ಬರುತ್ತಾರೆ. ನಮ್ಮ ದೇಶದಲ್ಲಿ ಬಿಡುವವರ ಸಂಖ್ಯೆ ಹೇಗೂ ತೀರ ಕಡಿಮೆ. 2019-20ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಭಾರತದ ಸುಮಾರು 30 ಸಾವಿರ ಮಂದಿಯನ್ನು ಕೇಳಿದಾಗ ನೂರಕ್ಕೆ 98 ಮಂದಿ ತಾವು ಬೆಳೆದ ಧರ್ಮದಲ್ಲೇ ಇರುವುದಾಗಿ ಹೇಳಿದರು. ದಕ್ಷಿಣ ಕೊರಿಯಾದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಬೆಳೆದದ್ದನ್ನು ಬಿಟ್ಟಿದ್ದಾರಂತೆ. ನೂರರಲ್ಲಿ ಇಬ್ಬರು ಹೋದದ್ದಕ್ಕೆ ನಾವು ಇಷ್ಟು ಗಾಬರಿಯಾಗುತ್ತೇವೆ. ಉಳಿದ 98 ಮಂದಿಯಲ್ಲಿ ಎಷ್ಟು ಜನ ಗುಡಿಯ ಹೊರಗೇ ನಿಂತಿದ್ದಾರೆ ಎಂಬುದಕ್ಕೆ ಗಾಬರಿಯಾಗುವುದಿಲ್ಲ.

ಕಡೆಗೆ ಸನ್ನತಿಗೆ ಬರುತ್ತೇನೆ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಊರು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಎರಡೂ ಬದಿಗೆ ಬ್ರಾಹ್ಮಿ ಅಕ್ಷರ. ಪೀಠ ಮಾಡುವಾಗ ನಡುವೆ ಕೊರೆದಿದ್ದರಿಂದ ಕೆಲವು ಸಾಲು ಹೋಗಿವೆ. ಪಕ್ಕದ ಕನಗನಹಳ್ಳಿಯ ನೆಲದಡಿ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅದರ ಕೆತ್ತನೆಯಲ್ಲಿ ಅಶೋಕನ ಹೆಸರು ಬರೆದ ಚಿತ್ರವೇ ಇದೆ. ಒಂದು ಕಾಲಕ್ಕೆ ಇಲ್ಲಿನವರು ಬುದ್ಧನಿಗೆ ಹೂವಿಟ್ಟವರು. ಅವರೂ ಬಿಟ್ಟರು. ಅವರ ಮಕ್ಕಳು ಅದೇ ಕಲ್ಲಿನ ಮೇಲೆ ತಾಯಿಯನ್ನು ನಿಲ್ಲಿಸಿ ಕುಂಕುಮ ಏರಿಸಿದರು.

ಆ ಕಲ್ಲಿನ ಮೇಲಿರುವ ಶಾಸನಗಳಲ್ಲಿ ಹನ್ನೆರಡನೆಯದೂ ಒಂದು. ಅದರ ತಾತ್ಪರ್ಯ ಇಷ್ಟು: ಎಲ್ಲ ಪಂಥದವರನ್ನೂ ಗೌರವಿಸಬೇಕು, ನಾಲಗೆಗೆ ಹಿಡಿತವಿರಬೇಕು, ತನ್ನದನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಮಣ್ಣಿನಲ್ಲಿ ಕೆತ್ತಿಸಿದ ಮಾತಿದು. ನಮ್ಮ ಸೀಮೆಯ ಪ್ರತಿ ಸಾಲಿಯ ಮಕ್ಕಳನ್ನು ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಬೇಕು.

ದೊಡ್ಡವರಿಗೆ ನನ್ನದೊಂದು ಬಿನ್ನಹವಿದೆ. ಶಹಾಬಾದಿನ ಆ ಮುತ್ಯಾನಿಗೆ ದಾರಿ ಸಿಗದ ಕಾಲ ಮುಗಿಯಿತೆಂದು ತಿಳಿಯಬೇಡಿ. ಧರ್ಮ ಬದಲಿಸಿದವರ ಮನೆಯಲ್ಲಿ ಸಾವಾದಾಗ ಮಣ್ಣಿಗೆ ಜಾಗವಿಲ್ಲವೆಂದು ಹೆಣವನ್ನು ಅಂಗಳದಲ್ಲಿಟ್ಟುಕೊಂಡು ತಹಸೀಲ್ದಾರರಿಗಾಗಿ ಕಾಯುವ ಹಳ್ಳಿಗಳು ಇನ್ನೂ ಇವೆ. ಹೋದವರ ಲೆಕ್ಕ, ಬಂದವರ ಲೆಕ್ಕ ಆಮೇಲೆ ಇಡೋಣ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, ಊರ ಸ್ಮಶಾನದ ದಾರಿ ಮತ್ತು ಜಾಗ ಜಾತಿ ಧರ್ಮ ಕೇಳದೆ ಎಲ್ಲರಿಗೂ ಸೇರಿದ್ದೆಂದು ಠರಾವು ಬರೆಸಲಿ.